ಪ್ರಯೋಗಶಾಲೆಯ ಹೊರಗೆ: ಹಳೆಯ ದೋಣಿ, ಹಳೆಯ ಡೀಸೆಲ್ ಎಂಜಿನ್ನು

ಹೋದ ಸಂಚಿಕೆಯ ಅಂಕಣದ ಕೊನೆಗೆ, ಪುಟದಲ್ಲಿ ಜಾಗ ಉಳಿದಿದೆಯಲ್ಲ ಎಂದು, "ಈ ಬೇಸಿಗೆಗೆ ಒಂದು ಹಳೆಯ ಮೋಟಾರು ದೋಣಿ ಕೊಳ್ಳುವ ಆಲೋಚನೆ ಉಂಟು" ಎಂಬ ಒಂದು ಸಾಲು ಸೇರಿಸಿದ್ದೆವು. ಆ ಒಂದು ಸಾಲಿಗೆ ಬಂದಷ್ಟು ಪತ್ರ, ಫೋನು ನಮ್ಮ ಯಾವ ಲೇಖನಕ್ಕೂ ಬಂದದ್ದಿಲ್ಲ. ಪಾಲಿಮರುಗಳ ವಿಷಯವಾಗಿ ಮೂರು ಕಂತು ಬರೆದಾಗ ಒಬ್ಬರೂ ಕೆಮ್ಮಿರಲಿಲ್ಲ! ಈಗ ಒಬ್ಬ ಹಿರಿಯರು "ನಿಮಗೆ ಈಜು ಬರುತ್ತದೆಯೇ?" ಎಂದು ಕೇಳಿದರು. ಇನ್ನೊಬ್ಬರು ದೋಣಿಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಳ್ಳಬಹುದೇ ಎಂದು ವಿಚಾರಿಸಿದರು. ಇಬ್ಬರು ಓದುಗರು ಮಾತ್ರ ತಾವೂ ಹುಡುಕಾಟದಲ್ಲಿದ್ದೇವೆ, ದೋಣಿಯ ಮೈಕಟ್ಟು ನೋಡಿದರೆ ಅಷ್ಟಿಷ್ಟು ತಿಳಿಯುತ್ತದೆ, ಎಂಜಿನ್ನಿನ ಕೋಣೆಯ ಮುಚ್ಚಳ ತೆಗೆದ ಕೂಡಲೇ ಕೈಕಾಲು ತಣ್ಣಗಾಗುತ್ತದೆ ಎಂದು ಬರೆದಿದ್ದಾರೆ. ಈ ಸಲದ ಅಂಕಣ ಆ ಇಬ್ಬರಿಗೆ.

ಮೊದಲೇ ಹೇಳಿಬಿಡುತ್ತೇವೆ, ನಾವು ಎಂಜಿನಿಯರಲ್ಲ. ರಸಾಯನಶಾಸ್ತ್ರದವರು. ಡಾಕ್ಟರೇಟು ಇದ್ದರೂ ಸ್ಪ್ಯಾನರು ಹಿಡಿಯುವ ಕೈಯಲ್ಲ. ಮೇಲಾಗಿ ಈ ಕಥೆಯಲ್ಲಿ ನಮ್ಮದೇ ಒಂದು ದೊಡ್ಡ ತಪ್ಪು ಇದೆ. ಅದೂ ಎಂಜಿನಿಯರಿನ ತಪ್ಪಲ್ಲ, ರಸಾಯನಶಾಸ್ತ್ರಜ್ಞನೇ ಮಾಡಿದ ತಪ್ಪು. ಅದನ್ನು ಮುಚ್ಚಿಟ್ಟು ಉಪದೇಶ ಮಾತ್ರ ಬರೆಯಬಹುದಿತ್ತು, ಆದರೆ ಸಂಘದ ಯುಗಾದಿ ಊಟದ ಸಾಲಿನಲ್ಲಿ ಅರ್ಧ ಜನಕ್ಕೆ ವಿಷಯ ಆಗಲೇ ಗೊತ್ತಾಗಿದೆ.

ದೋಣಿ ಕೊಳ್ಳುವವರು ಎರಡು ಮನೆಯವರು. ನಾವು, ಮತ್ತು ನಮ್ಮ ಬೀದಿಯ ಕೊನೆಯಲ್ಲೇ ಇರುವ ಮಿತ್ರರು. ಚೆಸಪೀಕ್ ಕೊಲ್ಲಿಯ ಪಕ್ಕದಲ್ಲಿ ಹತ್ತು ವರ್ಷ ಬಾಳಿದರೂ ನೀರಿಗೆ ಇಳಿದದ್ದು ಯಾರಾದರೂ ಕರೆದಾಗ ಮಾತ್ರ. ಅಮೆರಿಕದ ಅತಿ ದೊಡ್ಡ ಅಳಿವೆ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿರುವಾಗ ಶನಿವಾರವೆಲ್ಲ ಅಂಗಡಿ ಸುತ್ತುವುದು ಯಾವ ನ್ಯಾಯ ಎಂದು ಮಿತ್ರರ ವಾದ. ಅವರು ಮೈಸೂರಿನಲ್ಲಿ ಸೈಟಿಗೆಂದು ಎತ್ತಿಟ್ಟ ಹಣವನ್ನು ಇದಕ್ಕೆ ತಿರುಗಿಸಿದರು. ನಾವು ಹಳೆಯ ಕಾರನ್ನೇ ಇನ್ನು ಐದು ವರ್ಷ ಓಡಿಸುವುದೆಂದು ತೀರ್ಮಾನಿಸಿದೆವು. ದೋಣಿ ಸಿಗುವ ಮುಂಚೆಯೇ ಮಿತ್ರರು ಅದಕ್ಕೆ "ಶರಾವತಿ" ಎಂದು ಹೆಸರಿಟ್ಟೂ ಆಗಿತ್ತು.

ಡೀಸೆಲ್ಲೇ ಆಗಬೇಕು ಎಂದು ಹಟ ಹಿಡಿದವರು ಎರಡೂ ಮನೆಯ ಹೆಂಗಸರು. ಅವರ ವಾದ ರಸಾಯನಶಾಸ್ತ್ರಕ್ಕೂ ಒಪ್ಪುವಂಥದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ರಸ್ತೆಗೆ ಇಳಿದು ಹರಿದುಹೋಗುತ್ತದೆ, ದೋಣಿಯಲ್ಲಿ ಹೋಗಲು ದಾರಿಯಿಲ್ಲದೆ ತಳದಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನ ಆವಿ ಹೊತ್ತಿಕೊಳ್ಳಬಲ್ಲದು. ಡೀಸೆಲ್ಲು ಹಾಗಲ್ಲ, 52 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಬಿಸಿಯಾಗದೆ ಅದರ ಆವಿ ಕಿಡಿಗೆ ಹತ್ತುವುದಿಲ್ಲ. ನಾಲ್ಕು ಮಕ್ಕಳು ದೋಣಿಯ ಮೇಲೆ ಕುಣಿಯುವಾಗ ಈ ಲೆಕ್ಕ ಸಣ್ಣದಲ್ಲ.

ಆದರೆ ಡೀಸೆಲ್ಲಿಗೆ ಬೇರೊಂದು ಬೆಲೆ ಉಂಟು. ಹಳೆಯ ದೋಣಿಯಲ್ಲಿ ನಾವು ಕೊಳ್ಳುವುದು ನಿಜಕ್ಕೂ ಎಂಜಿನ್ನನ್ನು. ಸುತ್ತಲಿರುವ ದೋಣಿ ಅದರ ಡಬ್ಬಿ. ಪರದೆ, ಒಲೆ, ಹಾಸಿಗೆ ಎಲ್ಲ ಸಂಬಳದಲ್ಲಿ ಒಂದೊಂದಾಗಿ ಬದಲಿಸಬಹುದು. ಎಂಜಿನ್ನು ಬಿಚ್ಚಿ ಕಟ್ಟಿಸುವುದೆಂದರೆ ಎಷ್ಟೋ ಸಲ ಕ್ಯಾಬಿನ್ನಿನ ನೆಲ ಕಿತ್ತು ಕ್ರೇನಿನಲ್ಲಿ ಎತ್ತಿಸಬೇಕು. ನಾವು ನೋಡಿದ ದೋಣಿಗೆ ಕೇಳಿದ ಬೆಲೆ 64,000 ಡಾಲರು. ಅದರ ಎರಡು ಎಂಜಿನ್ನುಗಳಲ್ಲಿ ಒಂದನ್ನು ಕಟ್ಟಿಸಲು ಆಮೇಲೆ ನಮಗೆ ಸಿಕ್ಕ ಅಂದಾಜು 30,000.

ಡೀಸೆಲ್ ಎಂಜಿನ್ನಿನ ಮರ್ಮ ಒಂದೇ ಮಾತಿನಲ್ಲಿ ಹೇಳಬಹುದು. ಅದರಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಸಿಲಿಂಡರಿನ ಗಾಳಿಯನ್ನು ಅದರ ಗಾತ್ರದ ಹದಿನೇಳು ಹದಿನೆಂಟನೆಯ ಒಂದು ಭಾಗಕ್ಕೆ ಅದುಮಿದಾಗ ಗಾಳಿ 500 ಡಿಗ್ರಿಗೂ ಮೀರಿ ಕಾಯುತ್ತದೆ, ಅದರೊಳಕ್ಕೆ ಎಣ್ಣೆ ಚಿಮ್ಮಿದರೆ ತಾನಾಗಿ ಉರಿಯುತ್ತದೆ. ಸೈಕಲ್ ಪಂಪು ಹೊಡೆಯುವಾಗ ಕೆಳತುದಿ ಬಿಸಿಯಾಗುವುದು ಇದೇ ಕಾರಣಕ್ಕೆ. ರುಡಾಲ್ಫ್ ಡೀಸೆಲ್ ಇದನ್ನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ನಡೆಸಿ ತೋರಿಸಿದ. (ಅದೇ ಮನುಷ್ಯ 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಡ್ರೆಸ್ಡೆನ್ ಎಂಬ ಹಡಗಿನಿಂದ ಕಣ್ಮರೆಯಾದ. ಈ ಸಂಗತಿಯನ್ನು ನಮ್ಮಾಕೆಗೆ ಹೇಳಬಾರದಿತ್ತು.) ಹಾಗಾದ ಮೇಲೆ ಉಂಗುರ ಸವೆದು, ವಾಲ್ವು ಸರಿಯಾಗಿ ಕೂರದೆ ಗಾಳಿ ಸೋರಿತೆಂದರೆ ಬಿಸಿ ಸಾಲದು, ಬಿಸಿ ಸಾಲದಿದ್ದರೆ ಎಣ್ಣೆ ಹತ್ತದು. ಈ ದೋಷ ಕಾಣುವುದು ಎಂಜಿನ್ನು ತಣ್ಣಗಿರುವಾಗ. ಒಮ್ಮೆ ಕಾದ ಮೇಲೆ ಲೋಹವೇ ಬಿಸಿಯಾಗಿರುತ್ತದೆ, ಸೋರಿಕೆ ಇದ್ದರೂ ಕೆಲಸ ನಡೆಯುತ್ತದೆ.

ಇದನ್ನು ನಾವು ಯಾವ ವಿಶ್ವವಿದ್ಯಾಲಯದಲ್ಲೂ ಕಲಿತದ್ದಲ್ಲ. ಸಾಗರದ ಕಡೆ ನಮ್ಮ ಸೋದರಮಾವನ ಅಡಿಕೆ ತೋಟದಲ್ಲಿ ಒಂದು ಸಿಲಿಂಡರಿನ ಕಿರ್ಲೋಸ್ಕರ್ ಪಂಪ್‌ಸೆಟ್ಟು ಇತ್ತು. ಹ್ಯಾಂಡಲು ಹಾಕಿ ತಿರುಗಿಸಿ, ವೇಗ ಬಂದಾಗ ಮೇಲಿನ ಪುಟ್ಟ ಲಿವರನ್ನು ತಟ್ಟಿದರೆ "ಟುಕ್... ಟುಕ್... ಟುಕುಟುಕು" ಎಂದು ಹಿಡಿದುಕೊಳ್ಳುತ್ತಿತ್ತು. ಅದು ಮಾವ ಸೆಕೆಂಡ್‌ಹ್ಯಾಂಡಿನಲ್ಲಿ ತಂದದ್ದು. ತರಲು ಹೋದಾಗ ನಾವೂ ಜೊತೆಗಿದ್ದೆವು, ನಾಲ್ಕನೆಯ ಕ್ಲಾಸಿನ ಹುಡುಗ. ಮಾರುವವನು ಆಗಲೇ ಎಂಜಿನ್ನು ಓಡಿಸಿಟ್ಟಿದ್ದ. ಮಾವ ಅದರ ತಲೆಯ ಮೇಲೆ ಅಂಗೈ ಇಟ್ಟು ನೋಡಿದರು, ಏನೂ ಹೇಳದೆ ಎಲೆಯಡಿಕೆಯ ಸಂಚಿ ಬಿಚ್ಚಿ ಜಗುಲಿಯ ಮೇಲೆ ಕೂತರು. ಮಧ್ಯಾಹ್ನದವರೆಗೂ ಕೂತರು. "ಬಿಸಿ ಮಾಡಿಟ್ಟ ಎಂಜಿನ್ನು ಯಾರು ತಿರುಗಿಸಿದ್ರೂ ಸ್ಟಾರ್ಟ್ ಆಗ್ತದೆ ಮಾಣಿ" ಎಂದರು ದಾರಿಯಲ್ಲಿ. ಅವರು ಎಸ್ಸೆಸ್ಸೆಲ್ಸಿ ಫೇಲು.

ಇಷ್ಟೆಲ್ಲ ಗೊತ್ತಿದ್ದೂ ಏಪ್ರಿಲಿನ ಒಂದು ಬೆಳಿಗ್ಗೆ ನಾವು ದೋಣಿಕಟ್ಟೆಗೆ ಹೋದಾಗ ಆದದ್ದು ಬೇರೆ. 38 ಅಡಿಯ ದೋಣಿ, ಎಡಕ್ಕೊಂದು ಬಲಕ್ಕೊಂದು ಎಂಜಿನ್ನು, ಆರು ಸಿಲಿಂಡರು, ಟರ್ಬೊ ಇದ್ದದ್ದು. ಯಾವ ಕಂಪನಿಯದೆಂದು ಬರೆಯುವುದಿಲ್ಲ, ತಪ್ಪು ಕಂಪನಿಯದಲ್ಲ. ಮಾಲೀಕರು ಎಪ್ಪತ್ತು ದಾಟಿದ ಸಜ್ಜನರು. "ಚಳಿ ಇದೆ, ನಿಮ್ಮನ್ನು ಕಾಯಿಸಬಾರದೆಂದು ಬೇಗ ಬಂದು ಎಂಜಿನ್ನು ಬಿಸಿ ಮಾಡಿಟ್ಟೆ" ಎಂದರು. ಕಾಫಿಯನ್ನೂ ಕೊಟ್ಟರು. ಎಂಥ ಸೌಜನ್ಯ ಎಂದುಕೊಂಡೆವೇ ಹೊರತು ಮಾವನ ಅಂಗೈ ನೆನಪಾಗಲಿಲ್ಲ. ಕೀ ತಿರುಗಿಸಿದೊಡನೆ ಎರಡೂ ಎಂಜಿನ್ನು ಗುಡುಗಿದವು. ಹೊಸದಾಗಿ ಬಣ್ಣ ಬಳಿದು ಮದುಮಕ್ಕಳಂತೆ ಹೊಳೆಯುತ್ತಿದ್ದವು. ಗಂಟೆ ಎಣಿಸುವ ಮೀಟರಿನಲ್ಲಿ 1,420 ಎಂದಿತ್ತು. "ನೋಡಿ, ಓಡಿಸಿಯೇ ಇಲ್ಲ!" ಎಂದರು ಮಿತ್ರರು ನಮ್ಮ ಕಿವಿಯಲ್ಲಿ.

ಓಡಿಸಿಯೇ ಇಲ್ಲ ಎನ್ನುವುದೇ ಹೆದರಬೇಕಾದ ಸಂಗತಿ. ದೋಣಿಗೆ 30 ವರ್ಷ ದಾಟಿತ್ತು. ವರ್ಷಕ್ಕೆ 50 ಗಂಟೆಗೂ ಕಡಿಮೆ. ಚೆನ್ನಾಗಿ ನೋಡಿಕೊಂಡ ಡೀಸೆಲ್ಲು ಹಲವು ಸಾವಿರ ಗಂಟೆ ದುಡಿಯಬಲ್ಲದು. ಆದರೆ ಉಪ್ಪುನೀರಿನ ಮೇಲೆ ಸುಮ್ಮನೆ ನಿಂತದ್ದು ಒಳಗಿಂದೊಳಗೇ ತುಕ್ಕು ಹಿಡಿಯುತ್ತದೆ. ಸಿಲಿಂಡರಿನ ಗೋಡೆಯ ಎಣ್ಣೆ ಜಾರಿ ಇಳಿದುಹೋಗುತ್ತದೆ, ತೇವ ಕೂರುತ್ತದೆ, ಎಣ್ಣೆಯೊಳಗಿನ ಆಮ್ಲ ಬೇರಿಂಗನ್ನು ಕಚ್ಚುತ್ತಿರುತ್ತದೆ. ಮೀಟರಿನ ಅಂಕಿಯನ್ನು ವಯಸ್ಸಿನಿಂದ ಭಾಗಿಸಿ ನೋಡಿ. ವರ್ಷಕ್ಕೆ ನೂರು ಗಂಟೆಯಾದರೂ ಓಡಿದ್ದರೆ ಸಂತೋಷ.

ಇನ್ನು ನಮ್ಮ ಪಾಂಡಿತ್ಯಕ್ಕೆ ಬರೋಣ. ಎಂಜಿನ್ ಎಣ್ಣೆಯನ್ನು ಪ್ರಯೋಗಶಾಲೆಗೆ ಕಳಿಸುವ ಪದ್ಧತಿ ಅಮೆರಿಕದ ರೈಲ್ವೆಗಳಲ್ಲಿ 1940ರ ದಶಕದಲ್ಲೇ ಶುರುವಾದದ್ದು. ಎಣ್ಣೆಯ ಹನಿಯನ್ನು ಉರಿಸಿ, ಆ ಬೆಳಕನ್ನು ಬಿಡಿಸಿ ನೋಡಿದರೆ ಯಾವ ಯಾವ ಲೋಹ ಹತ್ತು ಲಕ್ಷಕ್ಕೆ ಎಷ್ಟು ಭಾಗ ಇದೆಯೆಂದು ತಿಳಿಯುತ್ತದೆ. ಕಬ್ಬಿಣ ಸಿಲಿಂಡರಿನ ಗೋಡೆಯದು, ಕ್ರ್ಯಾಂಕಿನದು. ಕ್ರೋಮಿಯಂ ಉಂಗುರದ್ದು. ಅಲ್ಯೂಮಿನಿಯಂ ಪಿಸ್ಟನ್ನಿನದು. ಸೀಸ, ತವರ, ತಾಮ್ರ ಬಂದರೆ ಬೇರಿಂಗು ಸವೆಯುತ್ತಿದೆ. ಸಿಲಿಕಾನ್ ಎಂದರೆ ಧೂಳು. ಸೋಡಿಯಂ ಕಂಡರೆ ದೋಣಿಯವನು ನೆಟ್ಟಗೆ ಕೂರಬೇಕು: ಒಂದೋ ತಂಪಿನ ದ್ರಾವಣ ಸೋರುತ್ತಿದೆ, ಇಲ್ಲವೇ ಸಮುದ್ರವೇ ಎಂಜಿನ್ನಿನೊಳಕ್ಕೆ ಬರುತ್ತಿದೆ. ಅನ್ನಾಪೋಲಿಸ್ ಕಡೆ ಕೊಲ್ಲಿಯ ನೀರಿನಲ್ಲಿ ಸಾಗರದ ಅರ್ಧದಷ್ಟೂ ಉಪ್ಪಿಲ್ಲ, ಆದರೆ ಕಬ್ಬಿಣ ತಿನ್ನಲು ಅಷ್ಟು ಧಾರಾಳ ಸಾಕು.

ನಾವು ಎರಡೂ ಎಂಜಿನ್ನಿನ ಡಿಪ್‌ಸ್ಟಿಕ್ಕಿನ ಕೊಳವೆಯಿಂದ, ಎಣ್ಣೆ ಬಿಸಿಯಿರುವಾಗಲೇ, ಪಂಪಿನಲ್ಲಿ ಎಳೆದು ಎರಡು ಬಾಟಲಿ ತುಂಬಿ ಕಳಿಸಿದೆವು. ವಾರದಲ್ಲಿ ವರದಿ ಬಂತು. ಎಡದ್ದು: ಕಬ್ಬಿಣ 7, ಸೋಡಿಯಂ 3. ಬಲದ್ದು: ಕಬ್ಬಿಣ 21, ಸೋಡಿಯಂ 16. ಎರಡರ ಕೆಳಗೂ "ಸಾಮಾನ್ಯ" ಎಂಬ ಒಕ್ಕಣೆ. ಮಿತ್ರರಿಗೆ ಕೂಡಲೇ ಫೋನು ಮಾಡಿ "ಪಾಸು" ಎಂದು ಸಾರಿದೆವು. ಅಂದು ಸಂಜೆ ಅವರ ಮನೆಯಲ್ಲಿ ಕೇಸರಿಭಾತು ಆಯಿತು. ಮುಂಗಡವಾಗಿ ಬೆಲೆಯ ಹತ್ತನೆಯ ಒಂದು ಭಾಗ ಕಟ್ಟಿದೆವು. ಪರೀಕ್ಷೆಯಲ್ಲಿ ತೃಪ್ತಿಯಾಗದಿದ್ದರೆ ಹಣ ವಾಪಸು ಎಂಬ ಷರತ್ತನ್ನು ಕಾಗದದಲ್ಲಿ ಬರೆಸಿಕೊಂಡದ್ದು ಮಾತ್ರ ನಮ್ಮ ಪುಣ್ಯ. ಅದು ನಮ್ಮಾಕೆಯ ಸಲಹೆ.

ದೋಣಿಯ ಮೈ ನೋಡುವ ಸರ್ವೇಯರು ಸಾಮಾನ್ಯವಾಗಿ ಎಂಜಿನ್ನಿನ ಒಳಗನ್ನು ನೋಡುವುದಿಲ್ಲ, ಅದಕ್ಕೆ ಬೇರೆಯವರನ್ನು ಕರೆಸಬೇಕು. ಇದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮಗೆ ಸಿಕ್ಕವರು ನಲವತ್ತು ವರ್ಷ ಡೀಸೆಲ್ಲಿನಲ್ಲೇ ಮಿಂದ ಮುದುಕರು, ಮಾತು ಕಡಿಮೆ. ನಮ್ಮ ವರದಿಯನ್ನು ಹೆಮ್ಮೆಯಿಂದ ಅವರ ಮುಂದೆ ಹಿಡಿದೆವು. ಅವರು ಅಂಕಿಗಳನ್ನು ನೋಡಲೇ ಇಲ್ಲ. ಮೇಲಿನ ಒಂದು ಚೌಕದ ಮೇಲೆ ಬೆರಳಿಟ್ಟರು. "ಎಣ್ಣೆ ಹಾಕಿ ಎಷ್ಟು ಗಂಟೆ?" ಎಂದಿತ್ತು. ಅದು ಖಾಲಿ. ಖಾಲಿ ಬಿಟ್ಟವರು ನಾವು.

ಮಾಲೀಕರು ಚಳಿಗಾಲಕ್ಕೆ ದೋಣಿ ಮುಚ್ಚುವಾಗ ಎಣ್ಣೆ ಬದಲಿಸಿದ್ದರು. ಅದು ಒಳ್ಳೆಯ ಪದ್ಧತಿಯೇ, ಮೋಸವಲ್ಲ. ಆಮೇಲೆ ಎಂಜಿನ್ನು ಓಡಿದ್ದು ಅವರ ಡೈರಿಯ ಪ್ರಕಾರ ನಾಲ್ಕು ಗಂಟೆ. ನಾಲ್ಕು ಗಂಟೆಯ ಎಣ್ಣೆಯನ್ನು ನೂರು ಗಂಟೆಯ ಎಣ್ಣೆಯ ಮಿತಿಗಳ ಜೊತೆ ಹೋಲಿಸಿ ನಾವು ಕೇಸರಿಭಾತು ತಿಂದಿದ್ದೆವು! ನಮ್ಮ ಕೈಕೆಳಗೆ ಕೆಲಸ ಕಲಿಯುವ ಹುಡುಗ ಮಾದರಿಯ ಪ್ರಾಯ ಬರೆಯದೆ ಬಾಟಲಿ ತಂದರೆ ನಾವು ಅವನನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತೇವೆ.

ಕಾರಿನಲ್ಲಿ ಕೂತು ಲೆಕ್ಕ ಹಾಕಿದೆವು. ಎಣ್ಣೆ ಬದಲಿಸಿದಾಗಲೂ ಹಳೆಯದು ಸ್ವಲ್ಪ ಒಳಗೇ ಉಳಿಯುತ್ತದೆ, ಹತ್ತನೆಯ ಒಂದು ಪಾಲು ಎಂದಿಟ್ಟುಕೊಳ್ಳಿ. ಬಲಗಡೆಯ ಕಬ್ಬಿಣ 21 ಅಷ್ಟೂ ಹಳೆಯ ಎಣ್ಣೆಯಿಂದ ಬಂದದ್ದಾದರೆ ಹಳೆಯದರಲ್ಲಿ 210 ಇದ್ದಿರಬೇಕು. ಅಲ್ಲಿಂದ ಬಂದದ್ದಲ್ಲವಾದರೆ ನಾಲ್ಕೇ ಗಂಟೆಯಲ್ಲಿ 21 ಸವೆದಿದೆ. ಯಾವ ಕಡೆಯಿಂದ ಹೋದರೂ ಶುಭವಿಲ್ಲ. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದು. ಎಡಬಲದ ಎಂಜಿನ್ನುಗಳು ಅವಳಿಗಳು. ಒಂದೇ ವಯಸ್ಸು, ಒಂದೇ ಎಣ್ಣೆ, ಒಂದೇ ಮಾಲೀಕರು, ಹೆಚ್ಚುಕಡಿಮೆ ಒಂದೇ ಗಂಟೆ. ಪ್ರಯೋಗದಲ್ಲಿ ಹೋಲಿಕೆಗೆ ಇಂಥದೊಂದು ಜೋಡಿ ಸಿಗಬೇಕಾದರೆ ನಾವು ತಿಂಗಳುಗಟ್ಟಲೆ ಹೆಣಗುತ್ತೇವೆ. ಇಲ್ಲಿ ದೇವರೇ ಕೊಟ್ಟಿದ್ದ. ಬಲದ್ದು ಎಡದ್ದಕ್ಕಿಂತ ಕಬ್ಬಿಣದಲ್ಲಿ ಮೂರು ಪಟ್ಟು, ಸೋಡಿಯಂನಲ್ಲಿ ಐದು ಪಟ್ಟು ಎಂಬುದನ್ನು ನಾವು ಓದಲೇ ಇಲ್ಲ, "ಸಾಮಾನ್ಯ" ಎಂಬ ಒಂದು ಪದವನ್ನು ಮಾತ್ರ ಓದಿದೆವು. ಎರಡು ಎಂಜಿನ್ನಿನ ದೋಣಿ ನೋಡುವವರು ದಯವಿಟ್ಟು ಒಂದನ್ನು ಇನ್ನೊಂದರ ಪಕ್ಕ ಇಟ್ಟು ಓದಿ, ಮಿತಿಯ ಪಟ್ಟಿಯ ಪಕ್ಕ ಅಲ್ಲ. ಇನ್ನೂ ಒಂದು ಮಾತು: ಈ ಯಂತ್ರಕ್ಕೆ ತೀರ ಸಣ್ಣ ಕಣಗಳು ಮಾತ್ರ ಕಾಣುತ್ತವೆ. ಮೈಕ್ರಾನಿನ ಲೆಕ್ಕದಲ್ಲಿ ಹತ್ತಕ್ಕೆ ಮೇಲ್ಪಟ್ಟ ಚೂರು ಅದರ ಕಣ್ಣು ತಪ್ಪಿಸುತ್ತದೆ. ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡುವುದು ಅದಕ್ಕೇ.

ಮುದುಕರು ಮಾರನೆಯ ಶನಿವಾರ ಬೆಳಿಗ್ಗೆ ಏಳಕ್ಕೆ ಬರಹೇಳಿದರು, ಮಾಲೀಕರಿಗೂ ಎಂಜಿನ್ನು ಮುಟ್ಟಬೇಡಿ ಎಂದು ಮೊದಲೇ ತಿಳಿಸಿದ್ದರು. ಬಂದವರೇ ಮಾಡಿದ ಮೊದಲ ಕೆಲಸ ಎಂಜಿನ್ನಿನ ಮೇಲೆ ಅಂಗೈ ಇಟ್ಟದ್ದು. ಸಾಗರದ ತೋಟಕ್ಕೂ ಮೇರಿಲ್ಯಾಂಡಿಗೂ ಎಷ್ಟು ದೂರ! ಎಡದ್ದು ಒಂದೇ ಸುತ್ತಿಗೆ ಹಿಡಿಯಿತು. ಬಲದ್ದು ಹನ್ನೆರಡು ಸೆಕೆಂಡು ಒದ್ದಾಡಿ, ಕುಂಟುತ್ತ ಎದ್ದು, ಬಿಳಿಯ ಹೊಗೆ ಉಗುಳಿತು.

ಹೊಗೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ದೋಣಿಯಲ್ಲಿ ಹೊರಗಿನ ನೀರನ್ನೇ ಹೊಗೆಯೊಳಗೆ ಬೆರೆಸಿ ಹೊರಗೆ ಬಿಡುವುದರಿಂದ ಚಳಿಯ ಬೆಳಿಗ್ಗೆ ಎಲ್ಲ ಎಂಜಿನ್ನೂ ಬಿಳಿಯಾಗಿಯೇ ಉಸಿರಾಡುತ್ತದೆ. ಅದು ಬರಿಯ ಉಗಿ, ಎರಡು ಮಾರು ಹೋಗುವಷ್ಟರಲ್ಲಿ ಕರಗುತ್ತದೆ. ಉರಿಯದ ಡೀಸೆಲ್ಲಿನ ಬಿಳಿ ಕರಗುವುದಿಲ್ಲ. ನೀರಿನ ಮೇಲೆ ಮಂಜಿನಂತೆ ಕೂರುತ್ತದೆ, ಕಣ್ಣು ಉರಿಸುತ್ತದೆ, ಅಡಿಯಲ್ಲಿ ಕಾಮನಬಿಲ್ಲಿನ ಬಣ್ಣದ ಜಿಡ್ಡು ಹರಡುತ್ತದೆ. ಒಂದೆರಡು ನಿಮಿಷದಲ್ಲಿ ನಿಂತರೆ ಕ್ಷಮಿಸಬಹುದು. ನಮ್ಮ ಬಲಗಡೆಯದು ಹತ್ತು ನಿಮಿಷವಾದರೂ ನಿಲ್ಲಲಿಲ್ಲ. ನೀಲಿ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಕಪ್ಪು ಬಂದರೆ ಎಣ್ಣೆ ಹೆಚ್ಚು, ಗಾಳಿ ಕಡಿಮೆ. ಅದು ಗಾಳಿಯ ಫಿಲ್ಟರಿನಷ್ಟು ಅಗ್ಗದ ಕಾಯಿಲೆಯೂ ಆಗಿರಬಹುದು, ಟರ್ಬೊದಷ್ಟು ದುಬಾರಿಯೂ ಆಗಿರಬಹುದು.

ಓಡುತ್ತಿರುವಾಗಲೇ ಎಣ್ಣೆ ತುಂಬುವ ಮುಚ್ಚಳ ತೆಗೆದರು. ಎಡದ್ದರಲ್ಲಿ ಸಣ್ಣ ಉಸಿರು. ಬಲದ್ದರಲ್ಲಿ ಇಡ್ಲಿ ಪಾತ್ರೆಯ ಹಾಗೆ ಭುಸುಭುಸು ಆವಿ. ಉಂಗುರ ದಾಟಿ ಕೆಳಗಿಳಿದ ಅನಿಲ ಅದು. ಡಿಪ್‌ಸ್ಟಿಕ್ಕಿನ ಎಣ್ಣೆ ಕಪ್ಪಗಿದ್ದರೆ ಹೆದರಬೇಡಿ, ಡೀಸೆಲ್ಲಿನಲ್ಲಿ ಮಸಿ ಸಹಜ. ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಒಣಗಲು ಬಿಡಿ. ಮಸಿ ಅಂಚಿನವರೆಗೂ ಹದವಾಗಿ ಹರಡಿದ್ದರೆ ಎಣ್ಣೆಗೆ ಇನ್ನೂ ಜೀವವಿದೆ. ನಡುವೆಯೇ ಕಪ್ಪು ಬೊಟ್ಟಾಗಿ ಕೂತರೆ ಕೊಳೆಯನ್ನು ತೇಲಿಸಿಡುವ ಶಕ್ತಿ ಮುಗಿದಿದೆ. ನಾವು ಕಾಲೇಜಿನಲ್ಲಿ ಶಾಯಿಯ ಬಣ್ಣ ಬೇರ್ಪಡಿಸಿದ ಪ್ರಯೋಗದ ದಾಯಾದಿ ಇದು.

ಆಮೇಲೆ ದೋಣಿಯನ್ನು ಕೊಲ್ಲಿಯ ನಡುವಿಗೆ ಒಯ್ದು ಎರಡನ್ನೂ ಪೂರ್ತಿ ವೇಗಕ್ಕೆ ಬಿಟ್ಟೆವು. ಈ ಪರೀಕ್ಷೆಗೆ ಮಾರುವವರು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ. ಇಂಧನದ, ನೀರಿನ ತೊಟ್ಟಿಗಳು ತುಂಬಿದ್ದು, ಸಂಸಾರದಷ್ಟು ಭಾರ ಹೊತ್ತು, ಎಂಜಿನ್ನು ತನಗೆ ಹೇಳಿದ ಗರಿಷ್ಠ ಸುತ್ತು ಮುಟ್ಟಬೇಕು. ಮುಟ್ಟಿ ಹತ್ತು ನಿಮಿಷ ನಿಲ್ಲಬೇಕು. ಇವಕ್ಕೆ ಹೇಳಿದ್ದು ನಿಮಿಷಕ್ಕೆ 2,800. ದೋಣಿಯ ಮೀಟರನ್ನು ನಂಬದೆ ಮುದುಕರು ತಮ್ಮ ಬೆಳಕಿನ ಮೀಟರನ್ನು ತಿರುಗುವ ಚಕ್ರಕ್ಕೆ ಹಿಡಿದರು. ಎಡದ್ದು 2,820. ಬಲದ್ದು 2,510, ಹಿಂದೆ ಕಪ್ಪು ಹೊಗೆಯ ಬಾಲ. ಶಾಖ ಅಳೆಯುವ ಕೈಮೀಟರಿನಲ್ಲಿ ಎಡದ್ದು 83 ಡಿಗ್ರಿ, ಬಲದ್ದು 97, ಇನ್ನೂ ಏರುತ್ತಿತ್ತು. ದೋಣಿಯ ಹಲಗೆಯ ಮೇಲಿನ ಮುಳ್ಳುಗಳು ಮಾತ್ರ ಎರಡೂ ಒಂದೇ ಜಾಗದಲ್ಲಿ ನಗುತ್ತಿದ್ದವು. ತಳಕ್ಕೆ ಪಾಚಿ ಕಟ್ಟಿದ್ದರೆ ಎರಡಕ್ಕೂ ಒಂದೇ ಭಾರ ಬೀಳಬೇಕಿತ್ತು. ಆಮೇಲೆ ನೀರಿನಿಂದ ಎತ್ತಿಸಿ ನೋಡಿದಾಗ ಪ್ರೊಪೆಲ್ಲರುಗಳೂ ಒಂದೇ ಅಳತೆಯವು. ಅಂದರೆ ದೋಷ ಎಂಜಿನ್ನಿನದೇ.

ಮಾಲೀಕರ ಒಪ್ಪಿಗೆ ಪಡೆದು ಬಲಗಡೆಯ ಎಲ್ಬೋ ಕೊಳವೆ ಬಿಚ್ಚಿದರು. ಉರಿವ ಹೊಗೆಗೂ ಉಪ್ಪುನೀರಿಗೂ ಮೊದಲ ಭೇಟಿಯಾಗುವ ಜಾಗ ಅದು. ಇಂಧನದ ಗಂಧಕ ಉರಿದು ಆಮ್ಲವಾಗುತ್ತದೆ, ಉಪ್ಪಿನ ಕ್ಲೋರೈಡು ಜೊತೆ ಸೇರುತ್ತದೆ, ಶಾಖವೂ ಇದೆ. ಲೋಹವನ್ನು ಕೊಲ್ಲಲು ಪ್ರಯೋಗಶಾಲೆಯಲ್ಲಿ ನಾವು ಇದಕ್ಕಿಂತ ಒಳ್ಳೆಯ ಏರ್ಪಾಡು ಮಾಡಲಾರೆವು. ಹೊರಗೆ ಹೊಸ ಬಣ್ಣ, ಒಳಗೆ ಗೋಡೆ ಹುಳುಕು ಹಿಡಿದ ಹಲ್ಲಿನಂತೆ. ಅಲ್ಲಿಂದ ಟರ್ಬೊದ ಕಡೆಗೆ ಕಂದು ಬಣ್ಣದ ಗೆರೆ ಇಳಿದಿತ್ತು. ಎಂಜಿನ್ನು ನಿಂತಾಗಲೆಲ್ಲ ನೀರು ತೊಟ್ಟು ತೊಟ್ಟಾಗಿ ಹಿಂದಕ್ಕೆ ಹರಿದಿದೆ. ಐದನೆಯ, ಆರನೆಯ ಸಿಲಿಂಡರುಗಳ ಒತ್ತಡ ಉಳಿದವುಗಳಿಗಿಂತ ಕಾಲುಭಾಗ ಕಡಿಮೆ. ನಮ್ಮ ವರದಿಯ 16 ಸೋಡಿಯಂ ಬಂದ ದಾರಿ ಅದು. ನೂರಿನ್ನೂರು ಡಾಲರಿನ ಒಂದು ಕೊಳವೆಯನ್ನು ಕಾಲಕ್ಕೆ ಬದಲಿಸಿದ್ದರೆ ಮೂವತ್ತು ಸಾವಿರದ ಎಂಜಿನ್ನು ಉಳಿಯುತ್ತಿತ್ತು. ನೀವು ಯಾವ ದೋಣಿ ನೋಡಿದರೂ ಈ ಕೊಳವೆಯ ವಯಸ್ಸು ಕೇಳಿ. "ಗೊತ್ತಿಲ್ಲ" ಎಂದರೆ ಬಿಚ್ಚಿಸಿ ನೋಡಿ.

ಮಾಲೀಕರು ನಿಜವಾಗಿಯೂ ಬೆಚ್ಚಿದರು. ತಾವಾಗಿಯೇ 15,000 ಇಳಿಸಿದರು. ಅಲ್ಲಿಂದ ನಮ್ಮ ಕಷ್ಟ ಶುರುವಾಯಿತು. ಮಿತ್ರರ ಮನಸ್ಸಿನಲ್ಲಿ ದೋಣಿ ಆಗಲೇ ಮನೆ ತುಂಬಿತ್ತು. "49,000ಕ್ಕೆ ಇಂಥ ದೋಣಿ ಸಿಗುತ್ತದೆಯೇ? ಸದ್ಯಕ್ಕೆ ಹೀಗೇ ಓಡಿಸೋಣ, ರಿಪೇರಿ ನಿಧಾನಕ್ಕೆ ಮಾಡಿಸಿದರಾಯಿತು" ಎಂದರು. ಉಪ್ಪು ಹೊಕ್ಕ ಎಂಜಿನ್ನು ನಿಧಾನಕ್ಕೆ ಕಾಯುವುದಿಲ್ಲ ಎಂದೆವು. ಆಗ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅಲ್ಲ ಡಾಕ್ಟ್ರೇ, ಮೊನ್ನೆ ನೀವೇ ಫೋನ್ ಮಾಡಿ ಪಾಸು ಅಂದ್ರಿ. ಈಗ ನೀವೇ ಫೇಲು ಅಂತೀರಿ. ನಾನು ಯಾವ ಡಾಕ್ಟ್ರನ್ನ ನಂಬ್ಲಿ?"

ಉತ್ತರವಿರಲಿಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಕೂತು ಮುದುಕರನ್ನೂ, ವರದಿ ಕೊಟ್ಟವರನ್ನೂ, ಬಣ್ಣ ಬಳಿದವರನ್ನೂ ಬೈದೆವು. ಆಕೆ ಕೇಳಿ ಮುಗಿಸಿ, "ಚೌಕ ಖಾಲಿ ಬಿಟ್ಟವರು ನೀವು ತಾನೇ? ಹೋಗಿ ಅಷ್ಟು ಹೇಳಿ ಬನ್ನಿ" ಎಂದರು. ಹೋದೆವು. ಫಾರಮ್ಮನ್ನು ಮಿತ್ರರ ಊಟದ ಮೇಜಿನ ಮೇಲೆ ಇಟ್ಟು, ಖಾಲಿ ಚೌಕ ತೋರಿಸಿ, ಲೆಕ್ಕವನ್ನು ಮೊದಲಿನಿಂದ ಹೇಳಿದೆವು. ಅವರು ಒಳ್ಳೆಯದಾಯಿತು ಎನ್ನಲಿಲ್ಲ, ಕೆಟ್ಟದಾಯಿತು ಎನ್ನಲೂ ಇಲ್ಲ. ಮರುದಿನ ಮುಂಗಡ ವಾಪಸು ಪಡೆಯುವ ಕಾಗದಕ್ಕೆ ಸಹಿ ಹಾಕಿ ಕಳಿಸಿದರು. ಆಮೇಲೆ ಎರಡು ವಾರ ಮಾತಿಲ್ಲ. ಸರ್ವೆ, ಎತ್ತಿಸಿದ್ದು, ಮುದುಕರ ಕೂಲಿ ಎಲ್ಲ ಸೇರಿ 2,300 ಡಾಲರು ನೀರುಪಾಲು. ಅವರ ಪಾಲನ್ನೂ ನಾವೇ ಭರಿಸುತ್ತೇವೆ ಎಂದು ಹೇಳಿ ಕಳಿಸಿದೆವು. ಬೇಡ ಎಂದರು, ಆದರೆ ಹಾಗೆನ್ನಲು ಎರಡು ದಿನ ತೆಗೆದುಕೊಂಡರು.

ಪತ್ರ ಬರೆದ ಓದುಗರೊಬ್ಬರು ಯಾವ ಎಂಜಿನ್ನು ಒಳ್ಳೆಯದು ಎಂದು ಕೇಳಿದ್ದಾರೆ. ಹೆಸರಿಗಿಂತ ಕಟ್ಟಿದ ಬಗೆ ಕೇಳಿ. 1938ರಲ್ಲಿ ಬಂದ ಡೆಟ್ರಾಯಿಟ್ ಡೀಸೆಲ್ 71 ಸಾಲಿನ ಎಂಜಿನ್ನುಗಳಲ್ಲಿ ಸಿಲಿಂಡರಿನ ಒಳಗವಸನ್ನು ಬದಲಿಸಬಹುದು, ಎಷ್ಟೋ ಸಲ ಎಂಜಿನ್ನು ದೋಣಿಯಲ್ಲಿರುವಾಗಲೇ. ಕ್ಯಾಟರ್‌ಪಿಲ್ಲರ್ 3208ರಲ್ಲಿ ಆ ಗವಸೇ ಇಲ್ಲ, ಗೋಡೆ ಕೆಟ್ಟರೆ ಎಂಜಿನ್ನನ್ನೇ ಎತ್ತಿ ಕೊರೆಸಬೇಕು. ಎರಡೂ ದಶಕಗಟ್ಟಲೆ ದುಡಿದ ಎಂಜಿನ್ನುಗಳೇ, ಆದರೆ ಕೆಟ್ಟ ದಿನದ ಬಿಲ್ಲು ಬೇರೆ ಬೇರೆ.

ಜೂನಿನಲ್ಲಿ ಮಿತ್ರರೇ ಫೋನು ಮಾಡಿದರು. ಕೊಲ್ಲಿಯ ಆಚೆ ದಡದಲ್ಲಿ ಇನ್ನೊಂದು ದೋಣಿ ಇದೆಯಂತೆ. ಸ್ವಲ್ಪ ಚಿಕ್ಕದು, ನಿಧಾನ, ಒಂದೇ ಎಂಜಿನ್ನು, ಫೋರ್ಡ್ ಲೇಮನ್ 120. ಲಾರಿ ಟ್ರ್ಯಾಕ್ಟರುಗಳಿಗೆಂದು ಫೋರ್ಡ್ ಇಂಗ್ಲೆಂಡಿನಲ್ಲಿ ಮಾಡಿದ್ದನ್ನು ನ್ಯೂ ಜೆರ್ಸಿಯ ಲೇಮನ್ ದೋಣಿಗೆ ಒಗ್ಗಿಸಿದ ಆರು ಸಿಲಿಂಡರಿನ ಯಂತ್ರ. ಟರ್ಬೊ ಇಲ್ಲ. 2,500 ಸುತ್ತಿಗೆ 120 ಕುದುರೆ ಶಕ್ತಿ. ಇದರ ಇಂಧನ ಪಂಪಿಗೆ ಬೇರೆಯೇ ಎಣ್ಣೆ ಉಂಟು, 50 ಗಂಟೆಗೊಮ್ಮೆ ಬದಲಿಸಬೇಕು. ಅನೇಕ ಮಾಲೀಕರಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ. ಈ ಮಾಲೀಕರು ತಮ್ಮ ಎಣ್ಣೆ ಮೆತ್ತಿದ ಪುಸ್ತಕ ತೆರೆದು ಇಪ್ಪತ್ತೆರಡು ವರ್ಷದ ದಿನಾಂಕಗಳನ್ನು ತೋರಿಸಿದರು. ಮೀಟರಿನಲ್ಲಿ 4,100 ಗಂಟೆ. ಬಣ್ಣ ಹಲವು ಕಡೆ ಹಾರಿತ್ತು. ಎಣ್ಣೆ 90 ಗಂಟೆ ದುಡಿದದ್ದು. ಚೌಕ ತುಂಬಿಸಿ ಕಳಿಸಿದೆವು. ಕಬ್ಬಿಣ 31, ಸೋಡಿಯಂ 4.

ಬೆಳಿಗ್ಗೆ ಏಳೂವರೆಗೆ ಎಂಜಿನ್ನಿನ ಕೋಣೆಯ ಮುಚ್ಚಳ ತೆಗೆದಾಗ ನಾವು ಕೆಳಗಿಳಿಯುವಷ್ಟರಲ್ಲಿ ಮಿತ್ರರು ಆಗಲೇ ಬಗ್ಗಿ ಅಂಗೈ ಇಟ್ಟಿದ್ದರು. "ತಣ್ಣಗಿದೆ, ಡಾಕ್ಟ್ರೇ" ಎಂದರು. ಎರಡು ಸೆಕೆಂಡಿಗೆ ಹಿಡಿಯಿತು. ಬಿಳಿ ಉಗಿ ಪಕ್ಕದ ದೋಣಿ ಮುಟ್ಟುವ ಮುಂಚೆ ಕರಗಿತು.

ಈಗ "ಶರಾವತಿ" ಎಂದು ಹಿಂಬದಿಗೆ ಕನ್ನಡದಲ್ಲಿ ಬರೆಸಿದ್ದೇವೆ, ಇಲ್ಲಿನವರಿಗೆ ಅದು ಚಿತ್ರದಂತೆ ಕಾಣುತ್ತದಂತೆ. ದೋಣಿಯ ದಿನಚರಿಗೆ ಮಿತ್ರರು ಹೊಸ ಪುಸ್ತಕ ತಂದು ತಾವೇ ಗೆರೆ ಎಳೆದಿದ್ದಾರೆ. ದಿನಾಂಕಕ್ಕೂ ಮೊದಲು, ಎಡಗಡೆಯ ಮೊದಲನೆಯ ಸಾಲಿನ ತಲೆಯ ಮೇಲೆ, ಕೆಂಪು ಶಾಯಿಯಲ್ಲಿ ಬರೆದಿದೆ: "ಎಣ್ಣೆ ಹಾಕಿ ಎಷ್ಟು ಗಂಟೆ?" ನಾವು ಅದನ್ನು ನೋಡಿದೆವು. ನೋಡಿದ್ದನ್ನು ಅವರೂ ನೋಡಿದರು.